ಬೆಂಗಳೂರಿಗೆ ಹೋದಾಗ ಒಳ್ಳೆಯ ಕಾಫಿ ಸಿಗುವ ಜಾಗಗಳನ್ನು ಗುರುತಿಸುವುದು ಹೇಗೆ?

ಸಕಲೇಶಪುರದ ಬೆಳೆಗಾರ ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ತೋಟವಿದೆ. ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾ ಸ್ವಲ್ಪ, ರೋಬಸ್ಟಾ ಹೆಚ್ಚು. ರೋಬಸ್ಟಾ ಕೊಯ್ಲು ಮುಗಿದು ಹೂಮಳೆ (ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ) ಬೀಳುವವರೆಗೆ ಸಿಗುವ ಬಿಡುವಿನಲ್ಲಿ, ತಂದೆಯವರ ಕಣ್ಣಿನ ತಪಾಸಣೆಗಾಗಿ ಬೆಂಗಳೂರಿನಲ್ಲಿ ಕೆಲವು ದಿನ ಇರಬೇಕಾಗಿದೆ. ಉಳಿದುಕೊಳ್ಳುವುದು ಜಯನಗರದ ನೆಂಟರ ಮನೆಯಲ್ಲಿ. ಬೆಳಗಿನ ಹೊತ್ತು ಮತ್ತು ಸಂಜೆ ಬಿಡುವಾಗಿರುವುದರಿಂದ, ಆ ಊರಿನಲ್ಲಿ ನಿಜವಾಗಿಯೂ ಚೆನ್ನಾಗಿ ಕಾಫಿ ಮಾಡುವ ಕಡೆಗೆ ಹೋಗಿ ಕುಡಿದು ಬರಬೇಕೆಂಬ ಆಸೆ.

ನನ್ನ ತೊಡಕು ಇಷ್ಟು. ಫೋನಿನಲ್ಲಿ ಹುಡುಕಿದರೆ ನೂರಾರು ಹೆಸರುಗಳು ಬರುತ್ತವೆ. ಎಲ್ಲಕ್ಕೂ ನಾಲ್ಕು ನಕ್ಷತ್ರಕ್ಕಿಂತ ಮೇಲೆಯೇ ಅಂಕ. ಬರೆದವರಲ್ಲಿ ಬಹುಪಾಲು ಜನ ಗೋಡೆಯ ಬಣ್ಣ, ಕುರ್ಚಿ, ಕೇಕಿನ ವಿಷಯ ಬರೆದಿದ್ದಾರೆಯೇ ಹೊರತು ಲೋಟದೊಳಗೆ ಏನಿತ್ತು ಎಂಬುದನ್ನು ಹೇಳಿಲ್ಲ. ತಂದೆಯವರಿಗೆ ಬಿಸಿಬಿಸಿ ಫಿಲ್ಟರ್ ಕಾಫಿಯೇ ಆಗಬೇಕು, ಅವರು ಬಹಳ ಹೊತ್ತು ನಿಂತಿರಲಾರರು. ನನಗೆ ಮಾತ್ರ, ನಮ್ಮ ಜಿಲ್ಲೆಗಳ ತೋಟಗಳ ಹೆಸರು ಹಾಕಿ ಹಾಲಿಲ್ಲದ ಕಾಫಿ ಮಾರುವ ಹೊಸ ಕೆಫೆಗಳನ್ನೂ ನೋಡಬೇಕೆಂದಿದೆ. ಊರು ಪರಿಚಯವಿಲ್ಲದವನು ಒಂದು ಜಾಗ ಒಳ್ಳೆಯದೋ ಅಲ್ಲವೋ ಎಂದು ಮುಂಚಿತವಾಗಿ ಅಂದಾಜು ಮಾಡುವ ಬಗೆ ಯಾವುದು? ಹೆಸರುಗಳನ್ನು ಹೇಳಿದರೂ ಸಂತೋಷ, ಆದರೆ ಗುರುತಿಸುವ ಕ್ರಮವನ್ನು ಹೇಳಿದರೆ ಹೆಚ್ಚು ಉಪಕಾರವಾಗುತ್ತದೆ.

ಚಿಕ್ಕಮಗಳೂರಿನ ಪುಡಿ ವ್ಯಾಪಾರಿ ಉತ್ತರಿಸುತ್ತಾರೆ:

ಬೆಳೆಗಾರರೇ, ಮೊದಲು ನಿಮ್ಮ ಹುಡುಕಾಟವನ್ನು ಎರಡಾಗಿ ಒಡೆದುಕೊಳ್ಳಿ. ಬೆಂಗಳೂರಿನಲ್ಲಿ ಫಿಲ್ಟರ್ ಕಾಫಿಯ ಲೋಕ ಬೇರೆ, ತಾವೇ ಬೀಜ ಹುರಿದು ಕಾಫಿ ಮಾಡಿಕೊಡುವ ಕೆಫೆಗಳ ಲೋಕ ಬೇರೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವವರೇ ಆ ನಕ್ಷತ್ರಗಳನ್ನು ಕೆಡಿಸಿರುವುದು. ನಾನು ಮೊದಲನೆಯದರ ಬಗ್ಗೆ ಮಾತ್ರ ಹೇಳುತ್ತೇನೆ.

ಫಿಲ್ಟರ್ ಕಾಫಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ನಿಂತಿರುವುದು ಡಿಕಾಕ್ಷನ್ ಇಳಿದು ಎಷ್ಟು ಹೊತ್ತಾಯಿತು ಎಂಬುದರ ಮೇಲೆ. ಆಗಷ್ಟೇ ಇಳಿದ ಡಿಕಾಕ್ಷನ್‌ಗೆ ಘಮ ಇರುತ್ತದೆ; ಅದನ್ನೇ ಒಲೆಯ ಮೇಲಿಟ್ಟು ಕುದಿಸುತ್ತಾ ಹೋದರೆ ಘಮವೆಲ್ಲ ಹಾರಿಹೋಗಿ ಬರೀ ಕಹಿ ಉಳಿಯುತ್ತದೆ. ಹಾಲಿನದೂ ಅದೇ ಕಥೆ: ಮತ್ತೆ ಮತ್ತೆ ಕಾಯಿಸಿದ ಹಾಲು ಕಾಫಿಯ ರುಚಿಯನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಪ್ರಸಿದ್ಧ ಹೋಟೆಲಿಗೆ ಮಧ್ಯಾಹ್ನ ಮೂರು ಗಂಟೆಗೆ ಹೋಗುವುದಕ್ಕಿಂತ, ಹೆಸರಿಲ್ಲದ ದರ್ಶಿನಿಗೆ ಬೆಳಿಗ್ಗೆ ಏಳೂವರೆಗೆ ಹೋಗುವುದು ಲೇಸು. ಜನ ಮುಗಿಬೀಳುವ ಹೊತ್ತಿನಲ್ಲಿ ಯಾವ ಡಿಕಾಕ್ಷನ್ನೂ ಹಳತಾಗುವಷ್ಟು ಕಾಲ ಪಾತ್ರೆಯಲ್ಲಿ ಉಳಿಯುವುದಿಲ್ಲ. ಕೌಂಟರಿನ ಬಳಿ ಒಂದು ನಿಮಿಷ ಸುಮ್ಮನೆ ನಿಂತು ನೋಡಿ: ಕಾಫಿ ಮಾಡುವವನು ಲೋಟಕ್ಕೆ ಡಿಕಾಕ್ಷನ್ ಹಾಕಿ, ಮೇಲೆ ಬಿಸಿ ಹಾಲು ಹೊಯ್ದು ಆ ಕ್ಷಣದಲ್ಲೇ ಬೆರೆಸುತ್ತಿದ್ದರೆ ಕೇಳಿ ಕುಡಿಯಿರಿ, ಮೊದಲೇ ಬೆರೆಸಿಟ್ಟ ಕಾಫಿಯನ್ನು ದೊಡ್ಡ ಪಾತ್ರೆಯಿಂದ ಮೊಗೆದು ಕೊಡುತ್ತಿದ್ದರೆ ಹಾಗೆಯೇ ಹೊರಟುಬಿಡಿ. ಹಲವು ಕಡೆ ಸಕ್ಕರೆಯನ್ನು ಕೇಳದೆಯೇ ಧಾರಾಳವಾಗಿ ಹಾಕಿರುತ್ತಾರೆ, ಚೀಟಿ ಕೊಡುವಾಗಲೇ ಸಕ್ಕರೆ ಬೇರೆ ಕೊಡಿ ಎಂದು ಹೇಳುವುದು ಒಳ್ಳೆಯದು.

ಕಾಫಿ ಪುಡಿಗೆ ಬೆರೆಸುವ ಹುರಿದ ಬೇರಿನ ಪುಡಿಯಾದ ಚಿಕೋರಿಯ ಬಗ್ಗೆ ತೋಟದವರಿಗೆ ಸಿಟ್ಟು ಇರುವುದು ಸಹಜ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿಯ ಪ್ರಮಾಣ ಶೇಕಡಾ 51ಕ್ಕಿಂತ ಕಡಿಮೆ ಇರುವಂತಿಲ್ಲ, ಅಂದರೆ ಅರ್ಧದಷ್ಟರವರೆಗೆ ಚಿಕೋರಿ ಹಾಕಲು ಅವಕಾಶವಿದೆ. ಆದರೆ ಹದವಾಗಿ ಬೆರೆತ ಚಿಕೋರಿ ಹಾಲಿನ ಕಾಫಿಗೆ ಮೈಕಟ್ಟು, ಬಣ್ಣ ಎರಡನ್ನೂ ಕೊಡುತ್ತದೆ. ಕುಡಿದ ಮೇಲೆ ನಾಲಿಗೆಯಲ್ಲಿ ಸುಟ್ಟ ಬೆಲ್ಲದಂಥ ಸಿಹಿಗಹಿ ಬಹಳ ಹೊತ್ತು ಉಳಿದು, ಕಾಫಿಯ ವಾಸನೆಯೇ ಇಲ್ಲದಿದ್ದರೆ ಆಗ ಅನುಮಾನ ಪಡಬಹುದು.

ನೀವು ಜಯನಗರದಲ್ಲಿರುವುದು ಅನುಕೂಲವೇ. ಮೆಟ್ರೊದ ಹಸಿರು ಮಾರ್ಗ ಹಳೆಯ ಕಾಫಿ ಹೋಟೆಲುಗಳ ಬಡಾವಣೆಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿದೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೂ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೂ ಆಟೊದಲ್ಲಿ ಸ್ವಲ್ಪವೇ ದೂರ. ಮೊದಲನೆಯದು 1943ರದು, ಎರಡನೆಯದು 1965ರದು. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಇನ್ನೂ ಹಳೆಯದು, 1924ರಲ್ಲಿ ಆರಂಭವಾದದ್ದು. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಎಂಟಿಆರ್‌ಗೆ ಸೋಮವಾರ ರಜೆ ಇರುವುದು ರೂಢಿ, ಹೊರಡುವ ಮುನ್ನ ಒಮ್ಮೆ ಖಚಿತಪಡಿಸಿಕೊಳ್ಳಿ. ಬ್ರಾಹ್ಮಿನ್ಸ್‌ನಲ್ಲಿ ಜನ ನಿಂತೇ ಕುಡಿಯುತ್ತಾರಾದ್ದರಿಂದ ತಂದೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಬೇಡ. ಇನ್ನೊಂದು ಮಾತು: ಈ ಹೋಟೆಲುಗಳಿಗೆ ಜನ ಸಾಲುಗಟ್ಟುವುದು ದೋಸೆಗೋ ಇಡ್ಲಿಗೋ. ಬರೀ ಕಾಫಿಗೆಂದು ವಾರಾಂತ್ಯದ ಬೆಳಿಗ್ಗೆ ಅಷ್ಟು ಹೊತ್ತು ಕಾಯುವುದು ನನ್ನ ಪ್ರಕಾರ ವ್ಯರ್ಥ. ವಾರದ ದಿನಗಳಲ್ಲಿ ಹೋಗಿ.

ಮೂಡಿಗೆರೆಯ ಮೂಲ, ಈಗ ಇಂದಿರಾನಗರ:

ಹಿಂದಿನವರು ಬಿಟ್ಟ ಎರಡನೆಯ ಲೋಕವನ್ನು ನಾನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಊರಿನಿಂದ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ಸದ್ಯಕ್ಕೆ ನನ್ನ ಪಾಲಿಗೆ ಬಂದಿದೆ.

ಹುಡುಕುವಾಗ ಕೆಫೆ ಎಂದು ಹುಡುಕಬೇಡಿ, ರೋಸ್ಟರಿ ಎಂದು ಹುಡುಕಿ. ಬೀಜವನ್ನು ತಾವೇ ಹುರಿಯುವವರು, ಅಥವಾ ಹುರಿದವರ ಹೆಸರನ್ನು ಮುಚ್ಚಿಡದೆ ಹೇಳುವವರು ಕಾಫಿಯ ಬಗ್ಗೆ ಯೋಚನೆ ಮಾಡಿರುತ್ತಾರೆ. ವಿಮರ್ಶೆಗಳನ್ನು ಓದುವಾಗ ನಕ್ಷತ್ರಗಳನ್ನು ಬಿಟ್ಟು, ಇತ್ತೀಚಿನ ತಿಂಗಳುಗಳಲ್ಲಿ ಬರೆದವುಗಳನ್ನು ಮಾತ್ರ ತೆಗೆದುಕೊಂಡು, ಅವುಗಳಲ್ಲಿ ಪೋರ್ ಓವರ್ (ಪುಡಿಯ ಮೇಲೆ ಬಿಸಿನೀರು ನಿಧಾನವಾಗಿ ಹೊಯ್ದು ಸೋಸುವುದು), ಎಸ್ಪ್ರೆಸೊ (ಯಂತ್ರದ ಒತ್ತಡದಿಂದ ಇಳಿಸಿದ ಗಟ್ಟಿ ಕಾಫಿ), ಹುರಿದ ದಿನಾಂಕ ಮುಂತಾದ ಮಾತುಗಳು ಬರುತ್ತವೆಯೇ ನೋಡಿ. ಕಾಫಿ ಮಾಡುವ ಹುಡುಗರು ಬದಲಾದರೆ ಅದೇ ಕೆಫೆಯ ರುಚಿಯೂ ಬದಲಾಗುವುದರಿಂದ ಎರಡು ವರ್ಷದ ಹಿಂದಿನ ಹೊಗಳಿಕೆಗೆ ಬೆಲೆಯಿಲ್ಲ. ಗ್ರಾಹಕರು ಹಾಕಿದ ಚಿತ್ರಗಳಲ್ಲಿ ದರಪಟ್ಟಿಯನ್ನು ಹುಡುಕಿ ದೊಡ್ಡದು ಮಾಡಿ ಓದಿ. ಅದರಲ್ಲಿ ತೋಟದ ಹೆಸರು, ತಳಿ, ಸಂಸ್ಕರಣೆಯ ವಿಧಾನ ಇವುಗಳಿದ್ದರೆ ಹೋಗಬಹುದು. ಚಾಕೊಲೇಟು, ಕ್ಯಾರಮೆಲ್, ಹೇಜಲ್‌ನಟ್‌ಗಳೇ ಪುಟ ತುಂಬಿದ್ದರೆ ಅದು ಕಾಫಿಗಾಗಿ ಇರುವ ಜಾಗವಲ್ಲ.

ಒಳಗೆ ಹೋದ ಮೇಲೆ ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಬೀಜ ಹುರಿದದ್ದು ಯಾವಾಗ? ಹುರಿದ ಬೀಜದಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಲು ಕೆಲವು ದಿನ ಬೇಕು, ಆಮೇಲೆ ಸುಮಾರು ಒಂದು ತಿಂಗಳು ಅದರ ರುಚಿ ಚೆನ್ನಾಗಿರುತ್ತದೆ, ಅಲ್ಲಿಂದ ಮುಂದೆ ಮಂಕಾಗುತ್ತಾ ಹೋಗುತ್ತದೆ. ತಡವರಿಸದೆ ದಿನಾಂಕ ಹೇಳಿದರೆ ಕುಳಿತುಕೊಳ್ಳಿ. ಆರ್ಡರ್ ಬಂದ ಮೇಲೆ ಪುಡಿ ಮಾಡುತ್ತಾರೆಯೇ, ಹಾಲು ಕಾಯಿಸುವ ಹಬೆಯ ಕೊಳವೆಯನ್ನು ಪ್ರತಿ ಸಲ ಒರೆಸುತ್ತಾರೆಯೇ ಎಂಬುದನ್ನೂ ಕಣ್ಣಾರೆ ನೋಡಬಹುದು. ಎಸ್ಪ್ರೆಸೊ ತೆಗೆಯುವಾಗ ಪುಡಿಯನ್ನು ತೂಕ ಮಾಡಿ ಹಾಕುವುದು ಒಳ್ಳೆಯ ಲಕ್ಷಣ. ಸಾಮಾನ್ಯವಾಗಿ 18 ಗ್ರಾಂ ಪುಡಿಗೆ ಅದರ ಎರಡರಷ್ಟು ತೂಕದ ಕಾಫಿಯನ್ನು 25ರಿಂದ 30 ಸೆಕೆಂಡಿನೊಳಗೆ ಇಳಿಸುತ್ತಾರೆ.

ಮೊದಲ ಲೋಟವನ್ನು ಹಾಲಿಲ್ಲದೆಯೇ ತೆಗೆದುಕೊಳ್ಳಿ. ಇಲ್ಲಿ ನಮ್ಮ ಕಡೆಯವರು ಬಹಳ ಜನ ಮುಗ್ಗರಿಸುತ್ತಾರೆ: ತಿಳಿಯಾಗಿ, ಅಂದರೆ ಬೀಜ ಕಪ್ಪಾಗುವ ಮೊದಲೇ ನಿಲ್ಲಿಸಿ ಹುರಿದ ಕಾಫಿಯನ್ನು ಒಂದು ಗುಟುಕು ಕುಡಿದು, ಇದು ಹುಳಿ ಎಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ. ನೀವು ಪಲ್ಪರ್ ಯಂತ್ರದಿಂದ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಮಾಡಿದವರಾದರೆ ನಿಮಗೆ ಹೇಳಿಕೊಡಬೇಕಾಗಿಲ್ಲ; ತೊಟ್ಟಿಯಲ್ಲಿ ಹುದುಗು ಮಿತಿಮೀರಿ ಬಂದ ಹುಳಿ ಬೇರೆ, ಎತ್ತರದ ನೆರಳಿನಲ್ಲಿ ನಿಧಾನವಾಗಿ ಮಾಗಿದ ಅರೇಬಿಕಾದ ಹಣ್ಣಿನ ಹುಳಿ ಬೇರೆ. ಎರಡನೆಯದು ನಾಲಿಗೆಯನ್ನು ಒಣಗಿಸುವುದಿಲ್ಲ, ಕಾಫಿ ಸ್ವಲ್ಪ ಆರಿದ ಮೇಲೆ ಅದರ ಸಿಹಿ ಇನ್ನಷ್ಟು ತಿಳಿಯುತ್ತದೆ. ಪಟ್ಟಿಯಲ್ಲಿ ವಾಷ್ಡ್ ಎಂದಿದ್ದರೆ ನಮ್ಮ ಪಾರ್ಚ್‌ಮೆಂಟ್, ನ್ಯಾಚುರಲ್ ಎಂದಿದ್ದರೆ ಹಣ್ಣನ್ನು ಇಡಿಯಾಗಿ ಒಣಗಿಸಿದ ನಮ್ಮ ಚೆರ್ರಿ, ಹನಿ ಎಂದಿದ್ದರೆ ಸಿಪ್ಪೆ ತೆಗೆದು ಲೋಳೆಯನ್ನು ಉಳಿಸಿಯೇ ಒಣಗಿಸಿದ್ದು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆ ಹೆಸರುಗಳನ್ನೋ, ಎಸ್.795 ತಳಿಯನ್ನೋ ಕಂಡರೆ ಅದನ್ನೇ ಮೊದಲು ಕೇಳಿ. ಗೊತ್ತಿರುವ ಬೀಜದಿಂದ ಆರಂಭಿಸಿದರೆ ಹುರಿದವನ ಕೈಗುಣ ತಿಳಿಯುವುದು ಸುಲಭ.

ಜಾಗಗಳ ವಿಷಯಕ್ಕೆ ಬಂದರೆ, ಇಂದಿರಾನಗರ ಮತ್ತು ಕೋರಮಂಗಲ ಈ ಬಗೆಯ ಕೆಫೆಗಳು ಒತ್ತಾಗಿರುವ ಬಡಾವಣೆಗಳು. ಥರ್ಡ್ ವೇವ್ ಕೋರಮಂಗಲದಲ್ಲೇ ಹುಟ್ಟಿದ್ದು; ದೆಹಲಿಯಿಂದ ಬಂದ ಬ್ಲೂ ಟೋಕೈ ಈಗ ಹಲವು ಕಡೆ ಇದೆ; ಆಂಧ್ರದ ಅರಕು ಕಣಿವೆಯ ಕಾಫಿಗೆಂದೇ ಇರುವ ಅರಕು ಕೆಫೆ ಇಂದಿರಾನಗರದಲ್ಲಿದೆ. ಬೆಳೆಗಾರನಾದ ನಿಮಗೆ ಕೊನೆಯದು ಹೆಚ್ಚು ಕುತೂಹಲ ಹುಟ್ಟಿಸಬಹುದು, ಪಕ್ಕದ ರಾಜ್ಯದ ಸಣ್ಣ ರೈತರ ಅರೇಬಿಕಾ ನಮ್ಮದಕ್ಕಿಂತ ಹೇಗೆ ಭಿನ್ನ ಎಂದು ನೋಡುವುದಕ್ಕಾದರೂ ಹೋಗಿ. ಬೆಲೆ ಕೇಳಿ ಎದೆ ಒಡೆದುಕೊಳ್ಳಬೇಡಿ: ಒಂದು ಲೋಟಕ್ಕೆ ಇನ್ನೂರು ರೂಪಾಯಿಯ ಆಸುಪಾಸು ಸಾಮಾನ್ಯ, ಅದರಲ್ಲಿ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತದೆ.

ಅರಸೀಕೆರೆಯ ಓದುಗ:

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ, ಆದರೆ ತಂದೆಯವರ ಪ್ರಶ್ನೆ ಹಾಗೆಯೇ ಉಳಿಯಿತು. ವಯಸ್ಸಾದವರಿಗೆ ಕಾಫಿಯಷ್ಟೇ ಮುಖ್ಯವಾದದ್ದು ಕುಳಿತು ಕುಡಿಯುವ ಅವಕಾಶ, ಹಾಗೂ ಎದ್ದೇಳಿ ಎಂದು ಯಾರೂ ದಿಟ್ಟಿಸದೆ ಇರುವುದು. ಅದಕ್ಕೆ ನನ್ನ ಆಯ್ಕೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ, 1957ರಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸಿದ ಪರಂಪರೆ ಅದರದು. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಹಳೆಯ ಜಾಗವನ್ನು 2009ರಲ್ಲಿ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂದಿತು. ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಕಾಫಿಯ ಗುಣದಲ್ಲಿ ಅದು ಗಾಂಧಿ ಬಜಾರನ್ನು ಮೀರಿಸುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೂ ನಿಮ್ಮ ತಂದೆಯವರ ತಲೆಮಾರಿನವರಿಗೆ ಆ ವಾತಾವರಣ ಹಿಡಿಸುತ್ತದೆ.

ರೋಸ್ಟರಿಗಳ ಬಗ್ಗೆ ನನಗೊಂದು ತಕರಾರಿದೆ. ಅಂಥ ಒಂದು ಕಡೆ ನಾನು ತೋಟದ ಹೆಸರು ಕೇಳಿದಾಗ, ಕೌಂಟರಿನಲ್ಲಿದ್ದ ಹುಡುಗ ಗೋಡೆಯ ಮೇಲಿನ ಬರಹವನ್ನು ತೋರಿಸಿದನೇ ಹೊರತು ಅದು ಯಾವ ಜಿಲ್ಲೆ ಎಂದು ಅವನಿಗೆ ತಿಳಿದಿರಲಿಲ್ಲ. ಹೆಸರು ಬರೆದ ಮಾತ್ರಕ್ಕೆ ಕಾಫಿ ಒಳ್ಳೆಯದಾಗುವುದಿಲ್ಲ.

ಮೂಡಿಗೆರೆಯ ಮೂಲ, ಈಗ ಇಂದಿರಾನಗರ:

ಅರಸೀಕೆರೆಯವರ ಮಾತು ನಿಜವೇ. ಅದಕ್ಕೇ ನಾನು ಗೋಡೆಯ ಬರಹಕ್ಕಿಂತ ಹುರಿದ ದಿನಾಂಕಕ್ಕೆ ಹೆಚ್ಚು ಬೆಲೆ ಕೊಡುವುದು. ಆ ದಿನಾಂಕ ಬೀಜದ ಪೊಟ್ಟಣದ ಮೇಲೆಯೇ ಇರುತ್ತದೆ, ಪೊಟ್ಟಣ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಸಕಲೇಶಪುರದ ಬೆಳೆಗಾರ:

ಎಲ್ಲರಿಗೂ ಧನ್ಯವಾದಗಳು. ಬೆಳಿಗ್ಗೆ ಗಾಂಧಿ ಬಜಾರು, ತಂದೆಯವರೊಂದಿಗೆ ಚರ್ಚ್ ಸ್ಟ್ರೀಟು, ಅವರು ವಿಶ್ರಾಂತಿ ಪಡೆಯುವ ಸಂಜೆಗಳಲ್ಲಿ ನಾನೊಬ್ಬನೇ ಇಂದಿರಾನಗರ ಎಂದು ಸದ್ಯಕ್ಕೆ ಯೋಜಿಸಿದ್ದೇನೆ. ಉಳಿದಿರುವುದು ಒಂದೇ ಸಂದೇಹ. ನನ್ನದು ಹೆಚ್ಚಾಗಿ ರೋಬಸ್ಟಾ. ಹೊಸ ಕೆಫೆಗಳಲ್ಲಿ ಎಲ್ಲಿ ನೋಡಿದರೂ ಅರೇಬಿಕಾದ ಮಾತೇ. ಒಳ್ಳೆಯ ರೋಬಸ್ಟಾವನ್ನು ಹಾಲಿಲ್ಲದೆ ಕುಡಿಯಲು ಕೊಡುವ ಜಾಗವನ್ನು ಹುಡುಕಬೇಕಾದರೆ ಏನೆಂದು ಕೇಳಬೇಕು?

ಚಿಕ್ಕಮಗಳೂರಿನ ಪುಡಿ ವ್ಯಾಪಾರಿ:

ರೋಬಸ್ಟಾ ಎಂದಷ್ಟೇ ಕೇಳಿದರೆ ಹಾಲಿನ ಕಾಫಿಗೆ ಬಳಸುವ ಚೆರ್ರಿಯ ಮಿಶ್ರಣವನ್ನು ಕೊಟ್ಟುಬಿಡುತ್ತಾರೆ. ವಾಷ್ಡ್ ರೋಬಸ್ಟಾ ಅಥವಾ ಫೈನ್ ರೋಬಸ್ಟಾ (ಉತ್ತಮ ದರ್ಜೆಯ ರೋಬಸ್ಟಾ) ಇದೆಯೇ ಎಂದು ಕೇಳಿ. ಕಾಪಿ ರಾಯಲ್ ಎಂಬ ದರ್ಜೆ ನಿಮಗೆ ಗೊತ್ತೇ ಇರುತ್ತದೆ, ರೋಬಸ್ಟಾ ಪಾರ್ಚ್‌ಮೆಂಟಿನಲ್ಲಿ ಆಯ್ದ ದಪ್ಪ ಬೀಜ ಅದು. ಎಸ್ಪ್ರೆಸೊ ಮಿಶ್ರಣಕ್ಕೆ ನೊರೆಯೂ ಮೈಕಟ್ಟೂ ಬರಲೆಂದು ರೋಸ್ಟರಿಗಳು ಇಂಥ ಬೀಜವನ್ನು ತರಿಸುವುದುಂಟು. ದರಪಟ್ಟಿಯಲ್ಲಿ ಕಾಣದಿದ್ದರೂ, ಬೀಜ ಮಾರುವ ಕಪಾಟಿನಲ್ಲಿ ಬರೀ ರೋಬಸ್ಟಾದ ಪೊಟ್ಟಣವಿದ್ದರೆ ಅದರಿಂದಲೇ ಒಂದು ಲೋಟ ಮಾಡಿಕೊಡಿ ಎಂದು ಕೇಳಿ ನೋಡಿ. ಜನ ಕಡಿಮೆ ಇರುವ ವಾರದ ದಿನದ ಮಧ್ಯಾಹ್ನ, ನೀವು ಬೆಳೆಗಾರರೆಂದು ಹೇಳಿಕೊಂಡರೆ, ಬಹುತೇಕ ಕಡೆ ಮಾಡಿಕೊಡುತ್ತಾರೆ.