ಅಪ್‌ಡೇಟ್: ವೆಂಟಿಲೇಟರ್ ಪ್ರೆಶರ್ ಅಲಾರಂ ಗೊಂದಲ ಬಗೆಹರೀತು

ಹತ್ತು ದಿನದ ಹಿಂದ ಕೇಳಿದ್ದೆ: ಜನರಲ್ ಮೆಡಿಸಿನ್ ಎಂಡಿ ಮುಗಿಸಿ ಕಲಬುರಗಿಯೊಳಗ ಪುಪ್ಪುಸ ಮತ್ತ ಕ್ರಿಟಿಕಲ್ ಕೇರ್ ಫೆಲೋಶಿಪ್ ಸೇರೀನಿ, ರಾತ್ರಿ ವೆಂಟಿಲೇಟರ್‌ನ ಹೈ ಪ್ರೆಶರ್ ಅಲಾರಂ ಹೊಡಕೊಂಡ್ರ ಎಲ್ಲಿಂದ ಶುರು ಮಾಡಬೇಕು ತಿಳೀವಲ್ದು ಅಂತ. ಉತ್ತರ ಬರೆದ ಎಲ್ಲಾರಿಗೂ ಶರಣ್ರಿ.

ದಪ್ಪ ಪುಸ್ತಕ ಮೊದಲಿಂದ ಓದೋದು ಆಗಲಿಲ್ಲ, ಡ್ಯೂಟಿ ಮುಗಿಸಿ ಬಂದ್ರ ಎರಡು ಪುಟಕ್ಕ ನಿದ್ದಿ. ವಿಡಿಯೋನೂ ತಲಿಗೆ ಹತ್ತಲಿಲ್ಲ. ಕೆಲಸಕ್ಕ ಬಂದದ್ದು ಸೀನಿಯರ್ ಅಕ್ಕಾರು ಹೇಳಿದ್ದು: ಉಸಿರು ಒಳಗ ಹೋದ ಮ್ಯಾಲ ಅರ್ಧ ಸೆಕೆಂಡ್ ಹೋಲ್ಡ್ ಒತ್ತಿ, ಗಾಳಿ ತಡೆದು, ಪ್ಲಾಟೋ ಪ್ರೆಶರ್ (ಗಾಳಿ ಹರಿಯೋದು ನಿಂತಾಗ ಪುಪ್ಪುಸದೊಳಗಿನ ಒತ್ತಡ) ನೋಡು. ಪೀಕ್ (ಗಾಳಿ ಒಳಗ ನುಗ್ಗುವಾಗಿನ ಗರಿಷ್ಠ ಒತ್ತಡ) ಏರಿ ಪ್ಲಾಟೋ ಹಂಗೇ ಇದ್ರ ತೊಂದರಿ ಗಾಳಿ ಹೋಗೋ ದಾರಿಯೊಳಗ: ಕಫ, ಮಡಚಿದ ಟ್ಯೂಬ್, ಶ್ವಾಸನಾಳದ ಬಿಗಿತ. ಎರಡೂ ಏರಿದ್ರ ಪುಪ್ಪುಸ ಬಿರುಸಾಗೇದ, ಇಲ್ಲಾ ಅದರ ಸುತ್ತ ಗಾಳಿ ತುಂಬೇದ. ರೋಗಿ ತಾನೇ ಉಸಿರು ಎಳೀತಿದ್ರ ಮಾತ್ರ ಈ ಅಳತಿ ನಂಬಬ್ಯಾಡ್ರಿ.

ಮೊನ್ನೆ ನಸುಕಿನ್ಯಾಗ ಒಬ್ಬರಿಗೆ ಪೀಕ್ 44, ಪ್ಲಾಟೋ 21 (ಸೆಂ.ಮೀ. ನೀರಿನ ಒತ್ತಡದ ಲೆಕ್ಕ). ಸಕ್ಷನ್ ಹಾಕಿದ್ರ ಗಟ್ಟಿ ಕಫದ ಉಂಡಿ ಬಂತು, ಅಲಾರಂ ನಿಂತಿತು. ಸಿಸ್ಟರ್ ನನ್ನ ಮುಖ ನೋಡಿ ನಕ್ಕರು.

ಇನ್ನೊಂದು ಅಚ್ಚರಿ. ಎಆರ್‌ಡಿಎಸ್‌ನಾಗ (ಪುಪ್ಪುಸ ಊದಿ ನೀರು ತುಂಬಿ ಉಸಿರಾಟ ಕೆಡೋ ತೀವ್ರ ಸ್ಥಿತಿ) ಟೈಡಲ್ ವಾಲ್ಯೂಮ್, ಅಂದ್ರ ಒಂದೊಂದು ಉಸಿರಿಗೆ ಕೊಡೋ ಗಾಳಿ, ಇಡೋದು ತಕ್ಕಡಿ ಮ್ಯಾಲಿನ ತೂಕಕ್ಕಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕಕ್ಕ. 70 ಕಿಲೋ ಇದ್ದ ಹೆಣ್ಮಗಳೊಬ್ಬರನ್ನ ಟೇಪ್ ಹಿಡಿದು ಅಳದ್ರ 150 ಸೆಂ.ಮೀ.; ಲೆಕ್ಕದ ತೂಕ ಬರೇ 43 ಕಿಲೋ. ಕಿಲೋಕ್ಕ 6 ಮಿ.ಲೀ. ಅಂದ್ರ 260, 420 ಅಲ್ಲ! ಈಗ ಅಪ್ರನ್ ಕಿಸೆಯೊಳಗ ದರ್ಜಿ ಟೇಪ್ ಯಾವಾಗಲೂ ಇರ್ತದ.