ಕಾಸರಗೋಡಿಗೆ ಮನೆ ಬದಲಿಸುವ ಮುನ್ನ ಇಂಟರ್ನೆಟ್ ಪರೀಕ್ಷೆ

ಪ್ರಶ್ನೆ: ಮುಂದಿನ ತಿಂಗಳು ಪುತ್ತೂರಿನಿಂದ ಕಾಸರಗೋಡಿನ ವಿದ್ಯಾನಗರಕ್ಕೆ ಬರುತ್ತಿದ್ದೇನೆ. ಕಚೇರಿ ಕೆಲಸವೆಲ್ಲ ಮನೆಯಿಂದಲೇ ಆಗಬೇಕಾದ್ದರಿಂದ, ಮುಂಗಡ ಕೊಡುವ ಮೊದಲೇ ಅಲ್ಲಿನ ಇಂಟರ್ನೆಟ್ ಹೇಗಿದೆಯೆಂದು ತಿಳಿಯುವುದು ಹೇಗೆ?

ಉತ್ತರ: ಪಕ್ಕದ ಮನೆಯವರ ಒಪ್ಪಿಗೆ ಪಡೆದು, ಎಲ್ಲರೂ ಬಳಸುವ ಹೊತ್ತಾದ ರಾತ್ರಿ 8ರಿಂದ 10ರೊಳಗೆ, ರೂಟರಿಗೆ ನೇರವಾಗಿ ಕೇಬಲ್ ಜೋಡಿಸಿ ವೇಗ ಅಳೆಯಿರಿ. ಡೌನ್‌ಲೋಡ್ ಅಂಕಿಯೊಂದನ್ನೇ ನೋಡಬೇಡಿ. ವೀಡಿಯೊ ಸಭೆಯಲ್ಲಿ ನಿಮ್ಮ ಮಾತು ಕಡಿಯದಿರಲು ಅಪ್‌ಲೋಡ್ ವೇಗವೂ ಚೆನ್ನಾಗಿರಬೇಕು, ಪಿಂಗ್ (ಸಂಕೇತ ಹೋಗಿ ಮರಳಲು ಹಿಡಿಯುವ ಸಮಯ) ಕೂಡ ಕಡಿಮೆಯಿರಬೇಕು.

ಉತ್ತರ: ಅಕ್ಕ, ಮಳೆಗಾಲವನ್ನು ಮರೆಯಬೇಡಿ. ಬದಿಯಡ್ಕದ ನಮ್ಮ ಮನೆಗೆ ಫೈಬರ್ ಬರುವುದು ವಿದ್ಯುತ್ ಕಂಬಗಳ ಮೇಲೆಯೇ. ಕಳೆದ ಜೂನ್‌ನಲ್ಲಿ ಹಲಸಿನ ಕೊಂಬೆ ಮುರಿದು ಬಿದ್ದು, ಐದು ದಿನ ರೂಟರಿನ ಕೆಂಪು ದೀಪವನ್ನೇ ನೋಡುತ್ತ ಕುಳಿತೆವು. ದುರಸ್ತಿಗೆ ಎಷ್ಟು ದಿನ ಹಿಡಿಯುತ್ತದೆಂದು ನೆರೆಯವರನ್ನೇ ಕೇಳಿ.

ಉತ್ತರ: 2023ರಲ್ಲಿ ಉದ್ಘಾಟನೆಯಾದ ಕೇರಳ ಸರಕಾರದ ಫೈಬರ್ ಇಂಟರ್ನೆಟ್ ಜಾಲ ಕೆ-ಫೋನ್ ಆ ಬೀದಿಗೆ ಬಂದಿದೆಯೇ ಎಂದು ಊರಿನ ಕೇಬಲ್‌ನವರಲ್ಲಿ ವಿಚಾರಿಸಿ.