ಸಹಾಯ ಬೇಕು: ಮೇ 18ಕ್ಕೆ ಮಂಗಳೂರಿನ ಮ್ಯೂಸಿಯಂಗಳಲ್ಲಿ ಏನಾದ್ರೂ ವಿಶೇಷ ಇದೆಯಾ?

ಎಲ್ಲರಿಗೂ ನಮಸ್ಕಾರ. ರಜೆಗೆ ಅಕ್ಕನ ಮಕ್ಕಳು ಕುಂದಾಪುರದಿಂದ ಬಂದಿದ್ದಾರೆ. ಮಾಲ್, ಬೀಚ್ ಎಲ್ಲ ಆಯ್ತು. ಮೇ 18 ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ ಅಲ್ವಾ, 1977ರಿಂದ ಪ್ರತಿ ವರ್ಷ ಆಚರಿಸ್ತಾರೆ. ಆ ವಾರ ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂನಲ್ಲಿ ಪ್ರದರ್ಶನ, ಮಕ್ಕಳಿಗೆ ಚಿತ್ರಕಲೆ ಸ್ಪರ್ಧೆ ಅಂಥದ್ದೇನಾದ್ರೂ ಇದ್ರೆ ದಯವಿಟ್ಟು ತಿಳಿಸಿ. ಕರ್ನಲ್ ಮಿರಜ್ಕರ್ ತಾಯಿಯ ನೆನಪಿಗೆ ಕೊಟ್ಟ ಕಟ್ಟಡ ಅದು. ಹೊರಗಿಂದ ನೋಡಿದ್ರೆ ಥೇಟ್ ಹಡಗು. ಚಿಕ್ಕವನಿಗೆ ಹಡಗು ಅಂದ್ರೆ ಪ್ರಾಣ, ಅದನ್ನು ಅವನಿಗೆ ತೋರಿಸಲೇಬೇಕು.

ಸಂತ ಅಲೋಶಿಯಸ್ ಕಾಲೇಜಿನ ಮ್ಯೂಸಿಯಂ ಅಲೋಶಿಯಂ ಬಗ್ಗೆಯೂ ಕೇಳಬೇಕಿತ್ತು. 1913ರಷ್ಟು ಹಳೆಯದು, ಮಂಗಳೂರಿನ ಮೊದಲ ಕಾರು ಅಲ್ಲೇ ಇದೆ. ರಜೆಯಲ್ಲಿ ಹೊರಗಿನವರನ್ನು ಬಿಡ್ತಾರಾ? ಮೊದಲೇ ಹೇಳಿ ಹೋಗಬೇಕಾ? ಅಲ್ಲಿನ ಚಾಪೆಲ್‌ನಲ್ಲಿ ಇಟಲಿಯ ಕಲಾವಿದ ಮೊಸ್ಕೆನಿ ಬರೆದ ಚಿತ್ರಗಳನ್ನೂ ಅದೇ ದಿನ ನೋಡುವ ಆಸೆ.

ಅಮ್ಮನೂ ಜೊತೆಗೆ ಬರ್ತಾರೆ, ಮೊಣಕಾಲು ನೋವು. ಮೆಟ್ಟಿಲು ಜಾಸ್ತಿ ಇದೆಯಾ, ಕೂರಲು ಜಾಗ ಇದೆಯಾ ಅಂತ ಇತ್ತೀಚೆಗೆ ಹೋದವರು ಹೇಳಿದ್ರೆ ತುಂಬಾ ಉಪಕಾರ. ವಾರದ ರಜೆ ಯಾವತ್ತು ಅನ್ನೋದನ್ನೂ ಬರೆಯಿರಿ. ಈ ಸೆಕೆಯಲ್ಲಿ ಮಕ್ಕಳನ್ನು ಸುಮ್ನೆ ಗೇಟಿನ ತನಕ ಕರೆದುಕೊಂಡು ಹೋಗಿ ವಾಪಸ್ ಬರೋದು ಬೇಡ.